ನೀರು ಬಸಿಯದ ಕಣಿವೆ ಮಣ್ಣಿನ ಪದರಗಳನ್ನು ವಿವರಿಸುವುದು ಹೇಗೆ?

ಹಸಿಮಣ್ಣು (ಪ್ರಶ್ನೆ):

ನಮಸ್ಕಾರ. ಎರಡು ಇಳಿಜಾರುಗಳ ನಡುವಿನ ಕಣಿವೆಯ ತಳದಲ್ಲಿ ಒಂದೂವರೆ ಮೀಟರ್ ಆಳದ ಗುಂಡಿ ತೆಗೆಸಿ, ಅಲ್ಲಿನ ಮಣ್ಣಿನ ಪದರಗಳ ವಿವರಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ದಿಣ್ಣೆಯ ಮೇಲಿನ, ನೀರು ಚೆನ್ನಾಗಿ ಬಸಿದುಹೋಗುವ ಮಣ್ಣುಗಳನ್ನು ಈ ಮೊದಲು ಕೆಲವು ಬಾರಿ ವಿವರಿಸಿದ್ದೇನೆ. ಅಲ್ಲಿ ಬಣ್ಣವು ಮೇಲಿನಿಂದ ಕೆಳಕ್ಕೆ ಒಂದು ಕ್ರಮದಲ್ಲಿ ಬದಲಾಗುತ್ತಿದ್ದುದರಿಂದ ಒಂದು ಪದರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಆರಂಭವಾಯಿತು ಎಂದು ಗುರುತಿಸುವುದು ಕಷ್ಟವಾಗಿರಲಿಲ್ಲ. ಇಲ್ಲಿ ಬೂದು, ಕಂದು, ತುಕ್ಕು, ಹಸಿರು ಎಲ್ಲವೂ ಒಂದರೊಳಗೊಂದು ಬೆರೆತು ನನ್ನ ಟಿಪ್ಪಣಿಯೇ ಗೋಜಲಾಗಿದೆ.

ಮೇಲಿನ 18 ಸೆಂ.ಮೀ. ಮಣ್ಣು ಕಪ್ಪಿಗೆ ಹತ್ತಿರವಾದ ಬೂದುಗಂದು ಬಣ್ಣದ್ದಾಗಿದ್ದು (ಮಣ್ಣಿನ ಬಣ್ಣಗಳನ್ನು ಹೋಲಿಸಿ ನೋಡುವ ಮನ್ಸೆಲ್ ಪುಸ್ತಕದ ಸಂಕೇತದಲ್ಲಿ 10ವೈಆರ್ 3/2), ಬೇರುಗಳಿಂದ ತುಂಬಿದೆ ಮತ್ತು ಕೈಯಲ್ಲಿ ಪುಡಿಪುಡಿಯಾಗುತ್ತದೆ. 18ರಿಂದ 42 ಸೆಂ.ಮೀ.ವರೆಗೆ ಬಣ್ಣ 10ವೈಆರ್ 4/2 ಆಗಿ, ಬೇರಿನ ಜಾಡುಗಳ ಉದ್ದಕ್ಕೂ ತುಕ್ಕಿನ ಗೆರೆಗಳಿವೆ. 42ರಿಂದ 80ರವರೆಗಿನ ಜೇಡಿ ಎಷ್ಟು ಗಟ್ಟಿಯೆಂದರೆ ಚಾಕು ಸುಲಭವಾಗಿ ಇಳಿಯುವುದಿಲ್ಲ. ಅದರ ಬಣ್ಣ 2.5ವೈ 5/2, ಅಲ್ಲಲ್ಲಿ ಕಡುಗಂದು ಮಚ್ಚೆಗಳು. 80ರಿಂದ 128ರವರೆಗೆ 5ವೈ 5/1 ಬಣ್ಣದ, ಯಾವ ರಚನೆಯೂ ಕಾಣದ ಒದ್ದೆ ಜೇಡಿ. ಅದರ ಕೆಳಗೆ ಹಸಿರು ಛಾಯೆಯ ಬೂದು ಬಣ್ಣದ (5ಜಿವೈ 5/1) ದಪ್ಪ ಮರಳು ಮತ್ತು ಉರುಟುಗಲ್ಲು. ಗುಂಡಿ ತೋಡಿದ ದಿನ ನೀರು ಮೊದಲು ಜಿನುಗಿದ್ದು 128 ಸೆಂ.ಮೀ. ಆಳದಲ್ಲಿ, ಮರುದಿನ ಬೆಳಗ್ಗೆ ನೋಡಿದಾಗ ಅದು 96 ಸೆಂ.ಮೀ.ಗೆ ಏರಿ ನಿಂತಿತ್ತು. ಮಳೆ ಬಂದಾಗಲೆಲ್ಲ ಇಲ್ಲಿ ನೆಲದ ಮೇಲೆಯೇ ಹಲವು ದಿನ ನೀರು ನಿಲ್ಲುತ್ತದೆ.

42 ಸೆಂ.ಮೀ.ಗಿಂತ ಕೆಳಗಿನ ಜೇಡಿಯನ್ನೆಲ್ಲ ಒಂದೇ ಗ್ಲೇ (ನೀರು ನಿಂತು ಬೂದಾದ) ಪದರವೆಂದು ಬರೆಯಬಹುದೇ? ಈ ಬೂದು ಬಣ್ಣ ಜೇಡಿಯ ಸ್ವಂತ ಬಣ್ಣವೋ, ನೀರು ನಿಂತು ಬಂದದ್ದೋ? ನೀರಿನ ಮಟ್ಟವೆಂದು 128 ಎಂದು ಬರೆಯಬೇಕೇ, 96 ಎಂದೇ, ಅಥವಾ ನೆಲಮಟ್ಟವೆಂದೇ? ತಿಳಿದವರು ದಯವಿಟ್ಟು ತಿಳಿಸಿ.

ಗುಂಡಿಗೋಡೆ:

ಒಂದೇ ಪದರವೆಂದು ಖಂಡಿತ ಬರೆಯಬೇಡಿ. ನೀವು ಕೊಟ್ಟ ಟಿಪ್ಪಣಿಯಲ್ಲೇ 80 ಸೆಂ.ಮೀ.ನಲ್ಲಿ ಬಣ್ಣವೂ ರಚನೆಯೂ ಒಟ್ಟಿಗೆ ಬದಲಾಗಿವೆ. ಎರಡು ಗುಣಗಳು ಒಂದೇ ಆಳದಲ್ಲಿ ಬದಲಾದರೆ ಅಲ್ಲೊಂದು ಗಡಿ ಇದೆ ಎಂದೇ ಅರ್ಥ. ಆದರೆ ಅದಕ್ಕಿಂತ ಮೊದಲು ನಿಮ್ಮ ಎರಡನೆಯ ಪ್ರಶ್ನೆಯನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದೆರಡಕ್ಕೂ ಉತ್ತರ ಅದರಲ್ಲೇ ಇದೆ.

ಮಣ್ಣಿನ ಕಂದು, ಹಳದಿ, ಕೆಂಪು ಬಣ್ಣಗಳೆಲ್ಲ ಬಹುಮಟ್ಟಿಗೆ ಕಣಗಳ ಮೇಲೆ ಬಳಿದಂತಿರುವ ಕಬ್ಬಿಣದ ಆಕ್ಸೈಡಿನ ತೆಳುಪೊರೆಯಿಂದ ಬಂದವು. ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿದಾಗ ಗಾಳಿಯ ಸಂಚಾರ ನಿಲ್ಲುತ್ತದೆ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಸಾವಯವ ವಸ್ತುವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನು ಮುಗಿಸಿ, ಬಳಿಕ ನೈಟ್ರೇಟನ್ನು, ಅನಂತರ ಮ್ಯಾಂಗನೀಸ್ ಆಕ್ಸೈಡನ್ನು, ಅದೂ ತೀರಿದಾಗ ಕಬ್ಬಿಣದ ಆಕ್ಸೈಡನ್ನು ಉಸಿರಾಟಕ್ಕೆ ಬಳಸುತ್ತವೆ. ಹೀಗೆ ಆಕ್ಸೈಡಿನಲ್ಲಿರುವ ಕರಗದ ಫೆರಿಕ್ ಕಬ್ಬಿಣ ಕರಗಬಲ್ಲ ಫೆರಸ್ ರೂಪಕ್ಕೆ ತಿರುಗಿ, ನೀರಿನಲ್ಲಿ ಕರಗಿ ಬೇರೆಡೆಗೆ ಸರಿದುಹೋದರೆ, ಪೊರೆ ಕಳಚಿಕೊಂಡ ಕಣಗಳ ಸಹಜವಾದ ಬೂದು ಬಣ್ಣ ಹೊರಗೆ ಕಾಣುತ್ತದೆ. ಗಾಳಿ ಸಿಕ್ಕ ಜಾಗದಲ್ಲಿ ಅದೇ ಕಬ್ಬಿಣ ಮತ್ತೆ ಆಕ್ಸೈಡಾಗಿ ಕೂತರೆ ಅದು ತುಕ್ಕಿನ ಮಚ್ಚೆ. ಅಂದರೆ ನಿಮ್ಮ ಮಚ್ಚೆಗಳ ಕಬ್ಬಿಣವೂ ಮೈಬಣ್ಣದಿಂದ ಕಾಣೆಯಾದ ಕಬ್ಬಿಣವೂ ಬಹಳ ಸಲ ಒಂದೇ. ನೀರು ಮಾತ್ರ ಇದ್ದರೆ ಇದು ನಡೆಯುವುದಿಲ್ಲ. ಸೂಕ್ಷ್ಮಜೀವಿಗಳಿಗೆ ಆಹಾರವೂ ಸಾಕಷ್ಟು ಉಷ್ಣಾಂಶವೂ ಬೇಕು, ನೀರು ಹರಿದಾಡದೆ ನಿಂತಿರಬೇಕು.

ಆದ್ದರಿಂದ ಬೂದು ಇದೆ, ತುಕ್ಕು ಇದೆ ಎಂದು ಬರೆದರೆ ಅರ್ಧ ಮಾತ್ರ ಬರೆದಂತೆ. ಬೂದು ಎಲ್ಲಿದೆ, ತುಕ್ಕು ಎಲ್ಲಿದೆ ಎಂಬುದೇ ಮುಖ್ಯ. ಮಣ್ಣು ತಾನಾಗಿ ಒಡೆಯುವ ಹೆಂಟೆಯೊಂದನ್ನು ಕೈಯಲ್ಲಿ ಹಿಡಿದು ಮುರಿದು ನೋಡಿ. ಹೊರಮೈಯಲ್ಲಿ ಮತ್ತು ಬೇರಿನ ಜಾಡಿನಲ್ಲಿ ತುಕ್ಕಿದ್ದು ಒಳಗೆಲ್ಲ ಬೂದಾಗಿದ್ದರೆ, ಒಳಗೆ ಸದಾ ನೀರಿದ್ದು ಬಿರುಕಿನ ಮೂಲಕ ಆಗಾಗ ಗಾಳಿ ಇಳಿಯುತ್ತಿದೆ ಎಂದರ್ಥ. ಕೆಳಗಿನಿಂದ ಏರಿ ಇಳಿಯುವ ಅಂತರ್ಜಲದ ಗುರುತು ಇದು. ಹೊರಮೈ ಬೂದಾಗಿ ಒಳಗೆ ಕಂದು ಉಳಿದಿದ್ದರೆ ಕತೆ ತಿರುಗುಮುರುಗಾಗುತ್ತದೆ: ಮಳೆನೀರು ಬಿರುಕುಗಳಲ್ಲಿ ನಿಂತು, ಅಲ್ಲೇ ಇರುವ ಬೇರುಗಳ ಸಾವಯವ ವಸ್ತುವಿನ ನೆರವಿನಿಂದ ಬಿರುಕಿನ ಅಂಚನ್ನು ಮಾತ್ರ ಬಣ್ಣಗೆಡಿಸಿದೆ, ಹೆಂಟೆಯ ಒಳಭಾಗಕ್ಕೆ ಆ ನೀರು ಇಳಿದೇ ಇಲ್ಲ. ಮೊದಲನೆಯದು ಗ್ಲೇ ಲಕ್ಷಣವಾದರೆ ಎರಡನೆಯದನ್ನು ಮಣ್ಣಿನ ವರ್ಗೀಕರಣದಲ್ಲಿ ಸ್ಟಾಗ್ನಿಕ್ ಲಕ್ಷಣ ಎನ್ನುತ್ತಾರೆ. ಎರಡೂ ಮಣ್ಣುಗಳು ನೀರು ಬಸಿಯದವೇ ಆದರೂ ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಸಲ್ಲುವುದಿಲ್ಲ.

ನೀವು ಗುಂಡಿಯ ಗೋಡೆಯನ್ನು ಸಲಿಕೆಯಿಂದ ನುಣ್ಣಗೆ ಕೆತ್ತಿ ನೋಡಿರಬಹುದೆಂದು ನನ್ನ ಗುಮಾನಿ. ಒದ್ದೆ ಜೇಡಿಯ ಮೇಲೆ ಸಲಿಕೆ ಎಳೆದರೆ ಬೂದು ಪೊರೆಯೇ ಗೋಡೆಗೆಲ್ಲ ಮೆತ್ತಿಕೊಳ್ಳುತ್ತದೆ. ಚಾಕುವಿನ ತುದಿಯಿಂದ ಮಣ್ಣನ್ನು ಮೀಟಿ ಮೀಟಿ ಕಿತ್ತು ತಾಜಾ ಮುಖ ಮಾಡಿಕೊಂಡು, ಬಣ್ಣವನ್ನು ತಕ್ಷಣವೇ ಗುರುತಿಸಿ. ಫೆರಸ್ ಕಬ್ಬಿಣ ಇನ್ನೂ ಉಳಿದಿರುವ ಮಣ್ಣು ಗಾಳಿಗೆ ತೆರೆದುಕೊಂಡ ಅರ್ಧ ಗಂಟೆಯೊಳಗೆ ಬಣ್ಣ ಬದಲಿಸಬಹುದು. ಹಾಗೆ ಬದಲಾದರೆ ಮೊದಲಿನ ಬಣ್ಣ, ಅನಂತರದ ಬಣ್ಣ, ನಡುವೆ ಕಳೆದ ನಿಮಿಷಗಳು, ಮೂರನ್ನೂ ಬರೆದಿಡಿ. ಮಚ್ಚೆಗಳು ಮುಖದ ವಿಸ್ತೀರ್ಣದ ಶೇ. 2ಕ್ಕಿಂತ ಕಡಿಮೆಯಿದ್ದರೆ ವಿರಳ, 2ರಿಂದ 20 ಇದ್ದರೆ ಸಾಮಾನ್ಯ, 20ಕ್ಕಿಂತ ಹೆಚ್ಚಿದ್ದರೆ ಹೇರಳ. ಅವುಗಳ ಗಾತ್ರ, ಮೈಬಣ್ಣದೊಡನೆ ಎಷ್ಟು ಎದ್ದು ಕಾಣುತ್ತವೆ ಎಂಬುದು, ಅಂಚು ಚೂಪೋ ಮಸುಕೋ ಎಂಬುದು, ಇವೂ ಬೇಕು.

ತಳಶಿಲೆ:

ಮೇಲಿನ ಉತ್ತರ ಸರಿಯಾಗಿದೆ, ಆದರೂ ಬಣ್ಣವನ್ನು ಇಷ್ಟು ನೆಚ್ಚಿಕೊಳ್ಳುವುದಕ್ಕೆ ನನ್ನ ಆಕ್ಷೇಪವಿದೆ. ಬಣ್ಣವು ಮಣ್ಣಿನ ನೆನಪು; ಇಂದಿನ ವರದಿಯೇ ಆಗಿರಬೇಕೆಂದಿಲ್ಲ. ಹೊಳೆಯ ಪಾತ್ರ ಕೆಳಗಿಳಿದು ಅಥವಾ ಬಸಿಗಾಲುವೆ ತೋಡಿ ನೀರು ತಗ್ಗಿದ ಎಷ್ಟೋ ಕಾಲದ ಮೇಲೂ ಹಳೆಯ ಮಚ್ಚೆಗಳು ಹಾಗೇ ಉಳಿದಿರುತ್ತವೆ. ಕಬ್ಬಿಣದ ಗಂಟುಗಳು ಸಿಕ್ಕರೆ ಅವುಗಳ ಅಂಚನ್ನು ನೋಡಿ: ಸುತ್ತಲೂ ಮಸುಕಾದ ತುಕ್ಕಿನ ವಲಯವಿದ್ದರೆ ಅವು ಈಗಲೂ ಬೆಳೆಯುತ್ತಿರುವ ಸಂಭವ ಹೆಚ್ಚು; ಗುಂಡಗೆ, ನುಣುಪಾಗಿ, ಮಣ್ಣಿನಿಂದ ಕಳಚಿ ಬರುವಂತಿದ್ದರೆ ಅವು ಹಳೆಯವು, ಇಲ್ಲವೇ ಇಳಿಜಾರಿನಿಂದ ಉರುಳಿ ಬಂದವು. ಅದೇ ರೀತಿ ಮೂಲ ಶಿಲೆಯೇ ಬೂದಾಗಿದ್ದರೆ, ಅಥವಾ ಬಿಳಿಮರಳಿನಲ್ಲಿ ಕಬ್ಬಿಣವೇ ಇಲ್ಲದಿದ್ದರೆ, ನೀರು ನಿಲ್ಲದೆಯೂ ಮಣ್ಣು ಬೂದಾಗಿ ಕಾಣುತ್ತದೆ. ಮೇಲ್ಪದರದಲ್ಲಿ ಸಾವಯವದ ಕಪ್ಪು ಎಲ್ಲವನ್ನೂ ಮುಚ್ಚಿಬಿಡುವುದರಿಂದ ಅಲ್ಲಿ ಮಚ್ಚೆ ಕಾಣಲಿಲ್ಲವೆಂದ ಮಾತ್ರಕ್ಕೆ ನೀರು ನಿಂತಿಲ್ಲವೆಂದು ತೀರ್ಮಾನಿಸಲಾಗದು.

ಅನುಮಾನವಿದ್ದರೆ ಆಲ್ಫಾ-ಆಲ್ಫಾ ಡೈಪಿರಿಡಿಲ್ ದ್ರಾವಣವನ್ನು ತಾಜಾ ಮುರಿದ ಹೆಂಟೆಯ ಮೇಲೆ ಒಂದೆರಡು ಹನಿ ಬಿಡಿ. ಗುಲಾಬಿ ಅಥವಾ ಕೆಂಪು ಬಣ್ಣ ಬಂದರೆ ಫೆರಸ್ ಕಬ್ಬಿಣ ಈ ಹೊತ್ತಿನಲ್ಲಿ ಅಲ್ಲಿದೆ. ಸಲಿಕೆ ತಾಗಿದ ಮುಖದ ಮೇಲೆ ಬಿಟ್ಟರೆ ಸಲಿಕೆಯ ಕಬ್ಬಿಣವೇ ಕೆಂಪಾಗಿ ನಿಮ್ಮನ್ನು ದಾರಿತಪ್ಪಿಸುತ್ತದೆ. ಪ್ರಖರ ಬಿಸಿಲಿನಲ್ಲೂ ಸುಳ್ಳು ಫಲಿತಾಂಶ ಬರುವುದುಂಟು, ಆದ್ದರಿಂದ ನೆರಳಿನಲ್ಲಿ ಮಾಡಿ. ಬಣ್ಣ ಬರಲಿಲ್ಲವೆಂದರೆ ಆ ದಿನ ಅಲ್ಲಿ ಫೆರಸ್ ಇರಲಿಲ್ಲ ಎಂದಷ್ಟೇ ಅರ್ಥ, ಮಳೆಗಾಲದಲ್ಲೂ ಇರುವುದಿಲ್ಲ ಎಂದಲ್ಲ.

ಹಸಿಮಣ್ಣು:

ಇಬ್ಬರಿಗೂ ಧನ್ಯವಾದಗಳು. ಗುಂಡಿಗೋಡೆಯವರ ಗುಮಾನಿ ನಿಜವಾಗಿತ್ತು. ನಾನು ಗೋಡೆಯನ್ನು ಸಲಿಕೆಯಿಂದ ಸವರಿಯೇ ನೋಡಿದ್ದೆ. ನೀರನ್ನು ಎತ್ತಿ ಹಾಕಿಸಿ, ಚಾಕುವಿನಿಂದ ಹೊಸ ಮುಖ ಮಾಡಿಕೊಂಡು ಮತ್ತೆ ನೋಡಿದೆ.

42ರಿಂದ 80ರವರೆಗಿನ ಗಟ್ಟಿ ಜೇಡಿ ಸುಮಾರು 4 ಸೆಂ.ಮೀ. ಅಗಲದ ನಿಂತ ಕಂಬಗಳಾಗಿ ಒಡೆಯುತ್ತದೆ. ಕಂಬದ ಹೊರಮೈ ಮೊದಲೇ ಬರೆದಂತೆ 2.5ವೈ 5/2, ಆದರೆ ಆ ಬೂದು ಪೊರೆಯ ದಪ್ಪ ಹೆಚ್ಚೆಂದರೆ 4 ಮಿ.ಮೀ. ಮುರಿದರೆ ಒಳಗೆ ಹಳದಿಗಂದು (10ವೈಆರ್ 5/4), ಪೊರೆ ಮತ್ತು ಒಳಭಾಗ ಸೇರುವಲ್ಲಿ 7.5ವೈಆರ್ 5/6 ಬಣ್ಣದ ತುಕ್ಕಿನ ಮಚ್ಚೆಗಳು. ಡೈಪಿರಿಡಿಲ್ ಹನಿಗೆ ಇಲ್ಲಿ ಬಣ್ಣ ಬರಲಿಲ್ಲ. 80ರ ಕೆಳಗೆ ಪರಿಸ್ಥಿತಿ ಬೇರೆಯೇ: ಒಳಗೂ ಹೊರಗೂ ಬೂದು, ಹಳೆಯ ಬೇರುಗಳ ಕೊಳವೆಗಳಲ್ಲಿ ಮಾತ್ರ ಕಿತ್ತಳೆ ಬಣ್ಣದ ಒಳಪೊರೆ, ಹನಿ ಬಿಟ್ಟೊಡನೆ ಕೆಂಪಾಯಿತು. 18ರಿಂದ 42ರವರೆಗಿನ ಪದರದಲ್ಲಿ ಎರಡು ಕಡೆ ನಸು ಗುಲಾಬಿ ಬಂದಿತು. ಹೀಗೆ ಮೇಲೆ ಬೂದು, ನಡುವೆ ಕಂದು, ಕೆಳಗೆ ಮತ್ತೆ ಬೂದು ಆಗುವುದು ಸಾಧ್ಯವೇ?

ಗುಂಡಿಗೋಡೆ:

ಸಾಧ್ಯವಷ್ಟೇ ಅಲ್ಲ, ನಿಮ್ಮ ಗುಂಡಿಯಲ್ಲಿ ಹೇಳಬೇಕಾದ ಮುಖ್ಯ ವಿಷಯವೇ ಅದು. ನೀವು ಎಲ್ಲಕ್ಕಿಂತ ಕೆಟ್ಟ ಜೌಗು ಎಂದುಕೊಂಡಿದ್ದ ಪದರವೇ ಈ ಮಣ್ಣಿನಲ್ಲಿ ಅತಿ ಕಡಿಮೆ ನೀರು ಹೊಕ್ಕ ಪದರ. ಮಳೆನೀರು ಮೇಲಿನಿಂದ ಬಂದು ಅದರ ಮೇಲೆ ತಂಗುತ್ತದೆ, ಬಿರುಕುಗಳಲ್ಲಿ ತುಸು ಇಳಿಯುತ್ತದೆ. ಅಂತರ್ಜಲ ಕೆಳಗಿನ ಮರಳಿನಿಂದ ಅದರ ತಳದವರೆಗೆ ಒತ್ತುತ್ತದೆ. ಇಲ್ಲಿ ಇರುವುದು ಒಂದು ನೀರಲ್ಲ, ಎರಡು ನೀರು. ನಡುವೆ ಒಂದು ಮುಚ್ಚಳ.

ಬೂದು ಪೊರೆಯ ಪಾಲನ್ನು ಕಣ್ಣಂದಾಜಿಗೆ ಬಿಡದೆ ಲೆಕ್ಕ ಹಾಕೋಣ. 4 ಸೆಂ.ಮೀ. ಅಗಲದ ಚೌಕ ಕಂಬದ ಅಡ್ಡಸೀಳು 16 ಚದರ ಸೆಂ.ಮೀ. ಸುತ್ತಲೂ 4 ಮಿ.ಮೀ. ಪೊರೆ ಕಳೆದರೆ ಒಳಗೆ ಉಳಿಯುವುದು 3.2 ಸೆಂ.ಮೀ. ಅಗಲದ ಚೌಕ, ಅಂದರೆ 10.24 ಚದರ ಸೆಂ.ಮೀ. ಹಾಗಾಗಿ ಬೂದು ಭಾಗ ಶೇ. 36. ತೆಳುಪೊರೆ ಎಂದು ತಳ್ಳಿಹಾಕುವಷ್ಟು ಸಣ್ಣದಲ್ಲ, ಆದರೆ ಬಹುಪಾಲೂ ಅಲ್ಲ. ಮೈಬಣ್ಣವೆಂದು 10ವೈಆರ್ 5/4 ಅನ್ನೇ ಮೊದಲು ಬರೆದು, ಬೂದು ಪೊರೆಯನ್ನು ಕಂಬಗಳ ಮುಖದ ಮೇಲಿನ ಲಕ್ಷಣವಾಗಿ ಬರೆಯಿರಿ. ಪದರದ ಹೆಸರಿನ ದೊಡ್ಡಕ್ಷರಕ್ಕೆ (ಮೇಲ್ಮಣ್ಣು ಎ, ರಚನೆ ಮೂಡಿದ ಕೆಳಮಣ್ಣು ಬಿ, ಅದರಡಿಯ ಮೂಲವಸ್ತು ಸಿ) ಸೇರಿಸುವ ಸಣ್ಣಕ್ಷರ ಜಿ ತೀವ್ರ ಗ್ಲೇಯನ್ನು, ಅಂದರೆ ಕ್ರೋಮಾ (ಬಣ್ಣದ ಗಾಢತೆ, ಮನ್ಸೆಲ್ ಸಂಕೇತದ ಕೊನೆಯ ಅಂಕಿ) 2 ಅಥವಾ ಅದಕ್ಕಿಂತ ಕಡಿಮೆಯಿರುವ ಬಣ್ಣವೇ ಮೇಲುಗೈ ಆಗಿರುವುದನ್ನು ಸೂಚಿಸುತ್ತದೆ. ಆದ್ದರಿಂದ 18ರಿಂದ 42ರ ಪದರಕ್ಕೆ ಬಿಜಿ ಎಂದು ಕರೆಯಿರಿ, ಈ ನಡುಪದರಕ್ಕೆ ಜಿ ಬೇಡ. ಇಲ್ಲಿ ಜೇಡಿ ಹೆಚ್ಚಿರುವುದನ್ನು ನೋಡಿ ಸಣ್ಣಕ್ಷರ ಟಿ ಹಾಕುವ ಆಸೆಯಾಗಬಹುದು; ಮೇಲಿನಿಂದ ತೊಳೆದು ಬಂದ ಜೇಡಿಯ ಹೊಳೆಯುವ ಪೊರೆ ರಂಧ್ರಗಳ ಗೋಡೆಯಲ್ಲಿ ಮಸೂರದಡಿ ಕಾಣದ ಹೊರತು ಹಾಕಬೇಡಿ. ಪ್ರವಾಹ ತಂದ ಹೂಳೇ ಆ ಕಾಲದಲ್ಲಿ ಹೆಚ್ಚು ಜೇಡಿಯದ್ದಾಗಿದ್ದಿರಬಹುದು. ಸದ್ಯಕ್ಕೆ ಬಿಡಬ್ಲ್ಯೂ (ಬಣ್ಣ ಅಥವಾ ರಚನೆ ಮಾತ್ರ ಬೆಳೆದ ಬಿ ಪದರ) ಸಾಕು. ರಚನೆಯಿಲ್ಲದ ಕೆಳಗಿನ ಜೇಡಿ ಸಿಜಿ, ಅದರ ಕೆಳಗಿನ ಮರಳನ್ನು ಬೇರೊಂದು ನೀರು ಬೇರೆಯೇ ವೇಗದಲ್ಲಿ ತಂದು ಹಾಕಿದ್ದರಿಂದ ಅದು 2ಸಿಜಿ. ಮುಂದಿನ ಆ 2 ಎಂಬ ಅಂಕಿ ಮೂಲವಸ್ತು ಬದಲಾಯಿತು ಎಂದು ತಿಳಿಸುತ್ತದೆ. ಕಣಿವೆಯ ಮಣ್ಣಿನಲ್ಲಿ ಈ ಅಂಕಿಯನ್ನು ಮರೆಯುವವರೇ ಹೆಚ್ಚು.

ನೀರಿನ ಮಟ್ಟದ ವಿಷಯದಲ್ಲಿ 128 ಮತ್ತು 96 ಎರಡನ್ನೂ, ದಿನಾಂಕ ಮತ್ತು ಕಳೆದ ಗಂಟೆಗಳ ಸಮೇತ ಬರೆಯಿರಿ. ನೀರು ಕಂಡ ಆಳ ಬೇರೆ, ನೀರು ನಿಂತ ಆಳ ಬೇರೆ. ಏರಿದ್ದಕ್ಕೆ ಎರಡು ಕಾರಣಗಳಿರಬಹುದು. ಜೇಡಿಯ ಮುಚ್ಚಳದಡಿ ಮರಳಿನ ನೀರು ಒತ್ತಡದಲ್ಲಿರಬಹುದು. ಇಲ್ಲವೇ ಅಂತರ್ಜಲ ಮೊದಲಿನಿಂದಲೂ 96ರಲ್ಲೇ ಇದ್ದು, ಜೇಡಿ ನೀರನ್ನು ಬಹು ನಿಧಾನವಾಗಿ ಬಿಟ್ಟುಕೊಡುವುದರಿಂದ ಅಗೆದ ದಿನ ಕಾಣದೇ ಹೋಗಿರಬಹುದು. ಗುಂಡಿ ಒಂದೇ ಇದ್ದರೆ ಇದು ತೀರ್ಮಾನವಾಗುವುದಿಲ್ಲ. ತುದಿಯಲ್ಲಿ ಮಾತ್ರ ತೂತುಗಳಿರುವ ಮೂರು ಕೊಳವೆಗಳನ್ನು 35, 65 ಮತ್ತು 140 ಸೆಂ.ಮೀ. ಆಳಕ್ಕೆ ಇಳಿಸಿ, ಪಕ್ಕದಿಂದ ನೀರು ಇಳಿಯದಂತೆ ಸುತ್ತ ಜೇಡಿ ಜಡಿದು, ಒಂದು ಮಳೆಗಾಲ ಪೂರ್ತಿ ಅಳೆಯಿರಿ. ಮೇಲಿನದೂ ಕೆಳಗಿನದೂ ತುಂಬಿ ನಡುವಿನದು ಒಣಗಿದ್ದರೆ ಮಣ್ಣಿನ ಬಣ್ಣ ಹೇಳಿದ್ದು ಈಗಲೂ ನಿಜ. ತಳಶಿಲೆಯವರ ಆಕ್ಷೇಪಕ್ಕೂ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ತಕ್ಕಡಿ:

ಪ್ರಯೋಗಾಲಯದ ಕಡೆಯಿಂದ ನಾಲ್ಕು ಮಾತು. ಮಾದರಿಗಳನ್ನು ಕೆಳಗಿನ ಪದರದಿಂದ ಆರಂಭಿಸಿ ಮೇಲಕ್ಕೆ ತೆಗೆಯಿರಿ, ಇಲ್ಲವಾದರೆ ಮೇಲಿನ ಮಣ್ಣು ಉದುರಿ ಕೆಳಗಿನದಕ್ಕೆ ಬೆರೆಯುತ್ತದೆ. ರಸಸಾರವನ್ನು (ಪಿಎಚ್) ಮಣ್ಣು ಹಸಿಯಾಗಿರುವಾಗಲೇ ಒಮ್ಮೆ, ಒಣಗಿಸಿದ ಮೇಲೆ ಇನ್ನೊಮ್ಮೆ ಅಳೆಯುವುದು ಒಳಿತು. ನೀರು ನಿಂತ ಮಣ್ಣಿನಲ್ಲಿ ರಸಸಾರವು ಹುಳಿಯ ಕಡೆಯಿಂದಲೂ ಕ್ಷಾರದ ಕಡೆಯಿಂದಲೂ 7ರ ಆಸುಪಾಸಿಗೆ ಸರಿಯುತ್ತದೆ. ಒಣಗಿದಾಗ ಹಿಂದಕ್ಕೆ ಹೋಗುತ್ತದೆ. ಒಣಗಿಸಿದ ಮಾದರಿಯ ಅಂಕಿ ಮಾತ್ರ ಕೊಟ್ಟರೆ ಬೇರುಗಳು ನಿಜವಾಗಿ ಅನುಭವಿಸುವ ಸ್ಥಿತಿ ಕಾಣುವುದಿಲ್ಲ. ಸಿಜಿ ಪದರದಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಥವಾ ಕಡುಗಪ್ಪು ಕಲೆಗಳಿದ್ದರೆ ತಪ್ಪದೆ ನಮೂದಿಸಿ: ಸಲ್ಫೈಡ್ ಇರುವ ಮಣ್ಣನ್ನು ಒಣಗಿಸಿದರೆ ಅದರ ರಸಸಾರ 4ಕ್ಕಿಂತ ಕೆಳಗೆ ಕುಸಿಯಬಹುದು, ಮತ್ತು ಅಂಥ ನೆಲದಲ್ಲಿ ಬಸಿಗಾಲುವೆ ತೋಡುವುದೇ ಅಪಾಯಕ್ಕೆ ದಾರಿ.

ಸಾವಯವ ಇಂಗಾಲವನ್ನು ಡೈಕ್ರೋಮೇಟ್ ವಿಧಾನದಲ್ಲಿ ಅಳೆಯುವುದಾದರೆ ಮಾದರಿ ಪೂರ್ತಿ ಗಾಳಿಯಲ್ಲಿ ಆರಿರಲಿ, ಏಕೆಂದರೆ ಫೆರಸ್ ಕಬ್ಬಿಣವೂ ಡೈಕ್ರೋಮೇಟನ್ನು ತಿಂದು ಇಂಗಾಲ ಹೆಚ್ಚಿರುವಂತೆ ತೋರಿಸುತ್ತದೆ. ನಡುಪದರದ ಸಾಂದ್ರತೆಗೆ ಗೊತ್ತಾದ ಗಾತ್ರದ ಉಂಗುರದಲ್ಲಿ ಅಲುಗದ ಮಣ್ಣು ತೆಗೆದು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ತೂಗಿ. ಜೇಡಿಯಲ್ಲಿ ಅದು ಘನ ಸೆಂ.ಮೀ.ಗೆ 1.5 ಗ್ರಾಂ ಸಮೀಪಿಸಿದರೆ ಬೇರು ಇಳಿಯುವುದು ಕಷ್ಟ. ಕಣಗಾತ್ರವನ್ನು ಕೈಯಲ್ಲೇ ಅಂದಾಜಿಸಬಹುದು: ನಾದಿದ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿ ಎಳೆದಾಗ ಅದು ಮುರಿಯದೆ 5 ಸೆಂ.ಮೀ. ದಾಟಿದರೆ ಜೇಡಿ, 2.5ರಿಂದ 5ರೊಳಗಿದ್ದರೆ ಜೇಡಿಗೋಡು, ಅದಕ್ಕೂ ಮೊದಲೇ ಮುರಿದರೆ ಗೋಡು (ಮರಳು, ರೇವೆ, ಜೇಡಿ ಮೂರೂ ಬೆರೆತ ಮಣ್ಣು).

ಇನ್ನೊಂದು ಸಂಗತಿ. ಎರಡು ನೀರು ಇರುವ ನೆಲದಲ್ಲಿ ಆಳದ ಬಸಿಗೊಳವೆ ಮಾತ್ರ ಹಾಕಿದರೆ ಅಂತರ್ಜಲ ತಗ್ಗಬಹುದು, ಆದರೆ ಮುಚ್ಚಳದ ಮೇಲೆ ನಿಂತ ಮಳೆನೀರು ಅಲ್ಲಿಯೇ ನಿಂತಿರುತ್ತದೆ. ಮೇಲ್ಮೈಗೆ ಇಳಿಜಾರು ಕೊಟ್ಟು ಆಳವಿಲ್ಲದ ಕಾಲುವೆ ತೋಡುವುದು ಒಂದು ಕೆಲಸ, ಇಳಿಜಾರಿನ ಬುಡದಲ್ಲೇ ಜಿನುಗುನೀರನ್ನು ಅಡ್ಡಗಟ್ಟುವುದು ಇನ್ನೊಂದು ಕೆಲಸ. ವಿವರಣೆಯಲ್ಲಿ ಈ ಭೇದ ಕಾಣದಿದ್ದರೆ ಅದನ್ನು ಓದಿ ಕಾಲುವೆ ತೋಡಿಸುವವರು ಹಣ ಕಳೆದುಕೊಳ್ಳುತ್ತಾರೆ.

ಹಸಿಮಣ್ಣು:

ಎಲ್ಲರ ಸಲಹೆಯಂತೆ ತಿದ್ದಿ ಬರೆದ ವಿವರಣೆ ಹೀಗಿದೆ. ಪ್ರಯೋಗಾಲಯದ ಅಂಕಿಗಳು ಬಂದ ಮೇಲೆ ಸೇರಿಸುತ್ತೇನೆ, ತಪ್ಪಿದ್ದರೆ ತಿಳಿಸಿ.

ಎ, 0–18 ಸೆಂ.ಮೀ.: ಬಹಳ ಕಡು ಬೂದುಗಂದು (10ವೈಆರ್ 3/2, ಹಸಿ) ರೇವೆಗೋಡು, ಕಾಳುಕಾಳಾದ ರಚನೆ, ಒತ್ತಿದರೆ ಸುಲಭವಾಗಿ ಪುಡಿಯಾಗುತ್ತದೆ, ಸಣ್ಣ ಬೇರುಗಳು ಹೇರಳ, ಕೆಳಗಿನ ಗಡಿ 2ರಿಂದ 5 ಸೆಂ.ಮೀ. ಒಳಗೆ ಬದಲಾಗುವ ಸ್ಪಷ್ಟ ಗಡಿ, ಸಮತಟ್ಟು.

ಬಿಜಿ, 18–42 ಸೆಂ.ಮೀ.: ಕಡು ಬೂದುಗಂದು (10ವೈಆರ್ 4/2) ಜೇಡಿಗೋಡು, ದುರ್ಬಲವಾದ ಘನಾಕಾರದ ಹೆಂಟೆಗಳು, ಬೇರಿನ ಜಾಡುಗಳ ಉದ್ದಕ್ಕೂ ಸಣ್ಣ ತುಕ್ಕಿನ ಗೆರೆಗಳು ಸಾಮಾನ್ಯ, ಎದ್ದು ಕಾಣುವಂಥವು, ಡೈಪಿರಿಡಿಲ್‌ಗೆ ಅಲ್ಲಲ್ಲಿ ನಸು ಗುಲಾಬಿ, ಗಡಿ ಸ್ಪಷ್ಟ, ಅಲೆಯಾಕಾರ.

ಬಿಡಬ್ಲ್ಯೂ, 42–80 ಸೆಂ.ಮೀ.: ಹಳದಿಗಂದು (10ವೈಆರ್ 5/4) ಜೇಡಿ, ಸುಮಾರು 4 ಸೆಂ.ಮೀ. ಅಗಲದ ಗಟ್ಟಿ ಕಂಬಗಳಾಗಿ ಒಡೆಯುತ್ತದೆ. ಕಂಬಗಳ ಮುಖದ ಮೇಲೆ 4 ಮಿ.ಮೀ.ವರೆಗಿನ ಬೂದುಗಂದು (2.5ವೈ 5/2) ಪೊರೆ, ಅಡ್ಡಸೀಳಿನ ಸುಮಾರು ಶೇ. 36, ಪೊರೆಯ ಒಳ ಅಂಚಿನಲ್ಲಿ 7.5ವೈಆರ್ 5/6 ಬಣ್ಣದ, ಮಸುಕು ಅಂಚಿನ ಮಚ್ಚೆಗಳು, ಬೇರುಗಳು ಬಿರುಕುಗಳಲ್ಲಿ ಮಾತ್ರ, ಡೈಪಿರಿಡಿಲ್‌ಗೆ ಬಣ್ಣವಿಲ್ಲ, ಗಡಿ 5ರಿಂದ 15 ಸೆಂ.ಮೀ. ಅಂತರದಲ್ಲಿ ಕ್ರಮೇಣ ಬದಲಾಗುತ್ತದೆ.

ಸಿಜಿ, 80–128 ಸೆಂ.ಮೀ.: ಬೂದು (5ವೈ 5/1) ಜೇಡಿ, ರಚನೆಯಿಲ್ಲದ ಇಡಿಗಟ್ಟು, ಬಹಳ ಅಂಟು, ಹಳೆಯ ಬೇರಿನ ಕೊಳವೆಗಳಲ್ಲಿ ಕಿತ್ತಳೆ ಒಳಪೊರೆ, ಡೈಪಿರಿಡಿಲ್‌ಗೆ ತಕ್ಷಣ ಕೆಂಪು, ಕೊಳೆತ ವಾಸನೆಯಿಲ್ಲ, ಕೆಳಗಿನ ಗಡಿ 2 ಸೆಂ.ಮೀ.ಗಿಂತ ಕಡಿಮೆ, ಥಟ್ಟನೆ ಬದಲಾಗುತ್ತದೆ.

2ಸಿಜಿ, 128–150 ಸೆಂ.ಮೀ.: ಹಸಿರು ಬೂದು (5ಜಿವೈ 5/1) ದಪ್ಪ ಮರಳು ಮತ್ತು ಉರುಟುಗಲ್ಲು, ಬಿಡಿಬಿಡಿ, ಅಗೆದಾಗ ನೀರು ಜಿನುಗಿದ್ದು ಈ ಪದರದ ನೆತ್ತಿಯಿಂದ, ಮರುದಿನ ಬೆಳಗ್ಗೆ ನಿಂತದ್ದು 96 ಸೆಂ.ಮೀ.ನಲ್ಲಿ. ಮಳೆಯ ಬಳಿಕ ನೆಲದ ಮೇಲೆ ನಿಲ್ಲುವ ನೀರು ಬೇರೆ. ಅದನ್ನು ತಡೆದು ನಿಲ್ಲಿಸುವುದು 42 ಸೆಂ.ಮೀ.ನಲ್ಲಿ ಆರಂಭವಾಗುವ ಗಟ್ಟಿ ಜೇಡಿ. ಮೂರು ಕೊಳವೆಗಳನ್ನು ಮುಂದಿನ ಮಳೆಗೆ ಮೊದಲೇ ಇಳಿಸಲಾಗುವುದು.